ಊಟದ ಮೇಜಿನ ಶಾಲೆ

ಜೂನ್ ಬಂತೆಂದು ನನಗೆ ತಿಳಿಯುವುದು ಮಳೆಯಿಂದಲ್ಲ, ಚವಳಿಕಾಯಿ ಸೋಸಲು ಜಾಗ ಸಿಗದೆ ಹೋದಾಗ. ಮೇ ತಿಂಗಳ ತನಕ ನನ್ನದಾಗಿದ್ದ ಊಟದ ಮೇಜು ಜೂನ್ ಬರುತ್ತಲೇ ವಿದ್ಯಾಲಯವಾಗುತ್ತದೆ. ಭೂಮಿಯ ಗೋಲ, ಬಣ್ಣದ ಪೆನ್ಸಿಲ್ಲು, ಗಣಿತದ ಪುಸ್ತಕ, ಬೈಬಲ್ಲು ಎಲ್ಲವೂ ಅದರ ಮೇಲೆ ಏರಿ ಕುಳಿತು ನನ್ನನ್ನೂ ನನ್ನ ಚವಳಿಕಾಯಿಯನ್ನೂ ನೆಲಕ್ಕಿಳಿಸುತ್ತವೆ. ಎಪ್ಪತ್ತು ದಾಟಿದವಳು ನೆಲಕ್ಕೆ ಕೂತು ಮತ್ತೆ ಏಳುವುದೆಂದರೆ ಅದೊಂದು ಸಣ್ಣ ಪುನರುತ್ಥಾನವೇ ಸರಿ.

ಮಗ ಪ್ರಭಾಕರನದು ಬ್ಯಾಂಕಿನ ಕೆಲಸ. ಗದಗದಿಂದ ವಿಜಯವಾಡಕ್ಕೆ ಹಾಕಿದರು, ಅಲ್ಲಿಂದ ಈಗ ವಿಶಾಖಪಟ್ಟಣಕ್ಕೆ. ದ್ವಾರಕಾ ನಗರದ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ವರ್ಗವಾದಾಗಲೆಲ್ಲ ಮಗಳಿಗೆ ಶಾಲೆ ಬದಲಿಸುವುದು ಬೇಡ, ದೇವರ ಭಯವೂ ಭಾಗಾಕಾರವೂ ಒಂದೇ ಕೈಯಿಂದ ಬರಲಿ ಎಂದು ಸೊಸೆ ಶೀಲಾ ವಿಜಯವಾಡದಲ್ಲಿದ್ದಾಗಲೇ ತನ್ನ ನೌಕರಿ ಬಿಟ್ಟು ಮೊಮ್ಮಗಳು ಕೃಪಾಳನ್ನು ಮನೆಯಲ್ಲಿ ಓದಿಸತೊಡಗಿದಳು. ಇದನ್ನು ಜನಕ್ಕೆ ತಿಳಿಸಿ ಹೇಳುವುದು ಸುಲಭವಲ್ಲ. ಎದುರು ಮನೆಯ ತೆಲುಗಿನಾಕೆ, ಹತ್ತು ವರ್ಷದ ಹುಡುಗಿ ಬೆಳಗ್ಗೆ ಮನೆಯಲ್ಲೇ ಇದ್ದುದನ್ನು ಕಂಡು, "ಅಯ್ಯೋ ಪಾಪಂ, ಒಂಟ್ಲೋ ಬಾಗಾಲೇದಾ?" ಎಂದು ಮೈಗೆ ಹುಷಾರಿಲ್ಲವೇನೋ ಎಂಬಂತೆ ಮರುಗಿದಳು. "ಹುಡುಗಿ ಗಟ್ಟಿ ಅದಾಳ, ನಮ್ಮ ಮೇಜಿಗಷ್ಟ ಆರಾಮಿಲ್ಲ" ಎಂದೆ. ಏನು ತಿಳಿಯಿತೋ, ಸಂಜೆ ಎಳನೀರು ಕಳಿಸಿದಳು. ನಾನೇ ಕುಡಿದೆ.

ನಮ್ಮ ಶಾಲೆಗೆ ಗಂಟೆಯಿಲ್ಲ, ಪ್ರಾರ್ಥನೆಯಿದೆ. ಪ್ರಭಾಕರ ಬ್ಯಾಂಕಿಗೆ ಹೊರಡುವ ಮುನ್ನ ನಾಲ್ವರೂ ಮೇಜಿನ ಸುತ್ತ ಕೂಡುತ್ತೇವೆ, ಒಬ್ಬೊಬ್ಬರೂ ಒಂದೊಂದು ವಿಜ್ಞಾಪನೆ ಹೇಳಿ ಮುಗಿಸಿದಾಗ ಉಳಿದವರು ಆಮೆನ್ ಅನ್ನಬೇಕು. ಎಲ್ಲರೂ ಕಣ್ಣು ಮುಚ್ಚುತ್ತಾರೆ. ನಾನು ಮುಚ್ಚುವುದಿಲ್ಲ, ಮುಚ್ಚಿದರೆ ನಿದ್ದೆ ಬರುತ್ತದೆ. ಈ ಪ್ರಾರ್ಥನೆಯ ದೊಡ್ಡ ಉಪಕಾರವೆಂದರೆ ನಮ್ಮ ಮನೆಯಲ್ಲಿ ಜಗಳವೇ ಆಗುವುದಿಲ್ಲ. ಒಬ್ಬರಿಗೊಬ್ಬರು ಹೇಳಬೇಕಾದ ಮಾತೆಲ್ಲ ಮೊದಲು ಪರಲೋಕಕ್ಕೆ ಹೋಗಿ, ಅಲ್ಲಿಂದ ತಿರುಗಿ ಮೇಜಿಗೆ ಬರುತ್ತದೆ. "ಕರ್ತನೇ, ಪಾಠದ ವೇಳೆಯಲ್ಲಿ ಟಿ.ವಿ. ಹಚ್ಚದಿರುವಷ್ಟು ತಾಳ್ಮೆಯನ್ನು ಈ ಮನೆಯ ಹಿರಿಯರಿಗೆ ದಯಪಾಲಿಸು" ಎಂದು ಶೀಲಾ ಬೇಡುತ್ತಾಳೆ. ಈ ಮನೆಯಲ್ಲಿ ಹಿರಿಯರೆಂದರೆ ನಾನೊಬ್ಬಳೇ, ಲೆಕ್ಕ ತಪ್ಪುವಂತಿಲ್ಲ. ನನ್ನ ಸರದಿ ಬಂದಾಗ, "ತಂದೀ, ಚಾಕ್ಕ ಸಕ್ಕರಿ ಹಾಕೋದು ಮರಿಯೋರಿಗೆ ನೆನಪಿನ ಶಕ್ತಿ ಕೊಡಪಾ" ಎನ್ನುತ್ತೇನೆ. ಪ್ರಭಾಕರ ಮಾತ್ರ, "ಎಲ್ಲರಿಗೂ ಸಮಾಧಾನ ಕೊಡು" ಎಂದು ಗಡಿಯಾರ ನೋಡುತ್ತಾನೆ.

ಕೃಪಾಳದು ಬಾಯಿಪಾಠದ ನಾಲ್ಕು ಸಾಲು. ವಿಜಯವಾಡದಲ್ಲಿ ಅವಳಿಗೊಬ್ಬಳು ಗೆಳತಿಯಿದ್ದಳು, ಕೆಳಗಿನ ಮನೆಯ ಹುಡುಗಿ. ಪಾಠ ಮುಗಿದೊಡನೆ ಇಬ್ಬರೂ ಮಾಳಿಗೆ ಹತ್ತಿದರೆ ಇಂದ್ರಕೀಲಾದ್ರಿ ಗುಡ್ಡದ ಗುಡಿಯ ದೀಪ ಹೊತ್ತುವ ತನಕ ಇಳಿಯುತ್ತಿರಲಿಲ್ಲ. ಇಲ್ಲಿ ಹಾಗೆ ಯಾರೂ ಇಲ್ಲ. ಕೊಂಡಪಲ್ಲಿಯಿಂದ ತಂದ ಕಟ್ಟಿಗೆಯ ಬೊಂಬೆಗಳನ್ನು ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಸಾಲಾಗಿ ಕೂರಿಸಿ, ತಾನೇ ಹಾಜರಿ ಕರೆದು, ಬೊಂಬೆಗಳ ಪರವಾಗಿ ತಾನೇ ದನಿ ಬದಲಿಸಿ "ಎಸ್ ಮಿಸ್" ಎನ್ನುತ್ತಿದ್ದಳು. ಶೀಲಾ ಅದನ್ನು ಆಟ ಎಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಸೋಮವಾರ ಹುಡುಗಿ ತನ್ನ ನಾಲ್ಕು ಸಾಲು ಬಿಟ್ಟಳು.

"ಯೇಸಪ್ಪಾ, ಅಮ್ಮ ಬಾಳ ಚಂದ ಕಲಸ್ತಾಳ. ಆದ್ರ ನನ್ನ ಪಕ್ಕ ಯಾರೂ ಇಲ್ಲ. ಬೊಮ್ಮಲು ಪೆನ್ಸಿಲ್ ಕೇಳಂಗಿಲ್ಲ, ಮಾತಾಡಂಗಿಲ್ಲ. ಪಕ್ಕಕ್ಕ ಯಾರನ್ನಾದ್ರೂ ಕೊಡು, ಇಲ್ಲಾಂದ್ರ ನನ್ನ ಸ್ಕೂಲಿಗೆ ಕಳಸು. ಅಮ್ಮಗ ಅಳು ಬರದಂಗ ಕಳಸು. ಆಮೆನ್."

ನಾವೂ ಅನ್ನಬೇಕಿತ್ತು, ಯಾರೂ ಅನ್ನಲಿಲ್ಲ. ಪ್ರಭಾಕರ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ. ಶೀಲಾಳ ಮುಖ ನಪಾಸಾದ ವಿದ್ಯಾರ್ಥಿನಿಯ ಮುಖವಾಗಿತ್ತು. ನೌಕರಿ ಬಿಟ್ಟು ಕಟ್ಟಿದ ಶಾಲೆಗೆ ಇದ್ದೊಬ್ಬ ವಿದ್ಯಾರ್ಥಿನಿಯೇ ಬಿಡುಗಡೆ ಬೇಡಿದರೆ ಇನ್ನೇನಾದೀತು, ನೀವೇ ಹೇಳಿ. ಆಮೆನ್ ಅಂದರೆ ಸೊಸೆಯ ವಿರುದ್ಧ, ಅನ್ನದಿದ್ದರೆ ಮೊಮ್ಮಗಳ ವಿರುದ್ಧ. ನನಗೆ ಹೆಚ್ಚು ಯೋಚನೆ ಮಾಡಿ ಅಭ್ಯಾಸವಿಲ್ಲ. ಗಟ್ಟಿಯಾಗಿ "ಆಮೆನ್" ಅಂದುಬಿಟ್ಟೆ.

"ಅತ್ತಿ, ಹಂಗಂದ್ರ ಏನರ್ಥ ಗೊತ್ತೈತಲ್ಲ?" ಎಂದಳು ಶೀಲಾ.

"ಹಂಗ ಆಗಲಿ ಅಂತ. ಮೂರನೇ ಇಯತ್ತೆಗೆ ಸಾಲಿ ಬಿಟ್ಟಾಕಿಗೂ ಅಷ್ಟು ಗೊತ್ತೈತಿ."

ಅವಳು ಮಗಳತ್ತ ತಿರುಗಿದಳು. "ಇದನ್ನ ನನಗ ಯಾಕ ಹೇಳಲಿಲ್ಲ, ಕೃಪಾ?"

"ನೀವೆಲ್ಲಾ ಹಿಂಗ ಹೇಳ್ತೀರಿ ಕದಾ?" ಎಂದಿತು ಹುಡುಗಿ.

"ನನಗ ಹೊತ್ತಾತು" ಎಂದು ಪ್ರಭಾಕರ ಎದ್ದ. "ಕೂಡ್ರಿ" ಎಂದಳು ಶೀಲಾ. ಕೂತ.

ಮೂರು ವರ್ಷಗಳಿಂದ ದೇವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದ ನಾವು ಆವತ್ತು ಮುಖ ನೋಡಿ ಮಾತಾಡಬೇಕಾಯಿತು, ಅಭ್ಯಾಸ ತಪ್ಪಿದ್ದರಿಂದ ಎಲ್ಲರ ಮಾತೂ ಸ್ವಲ್ಪ ತೊದಲಿತು. "ನನಗೂ ಅಂಜಿಕಿ ಐತಿ" ಎಂದಳು ಶೀಲಾ. "ಕ್ರಿಸ್ಮಸ್ ತನಕ ಟೈಮ್ ಕೊಡು. ಚರ್ಚಿನ್ಯಾಗ ನಿನ್ನ ಜೋಡಿ ಕಲಿಯಾಕ ಯಾರರ ಬರ್ತಾರೇನು ಕೇಳ್ತೀನಿ. ಸಿಗಲಿಲ್ಲಂದ್ರ ನಾನ ಕೈ ಹಿಡ್ಕೊಂಡು ಹೋಗಿ ಸ್ಕೂಲಿಗೆ ಹಚ್ತೀನಿ."

"ಅಲ್ಲೀತನಕ?"

ಶೀಲಾ ನನ್ನ ಕಡೆ ನೋಡಿದಳು. "ಆಮೆನ್ ಅಂದೋರು ಅದಾರಲ್ಲ. ಅತ್ತಿ, ಬರ್ರಿ, ಆ ಕುರ್ಚಿ ಮ್ಯಾಲ ಕೂಡ್ರಿ."

ಹೀಗೆ ಬೊಂಬೆಗಳು ಕಪಾಟಿಗೆ ಹೋದವು, ನಾನು ಐದನೇ ತರಗತಿಗೆ ಸೇರಿದೆ. ಭಿನ್ನರಾಶಿ ನನಗೆ ಹತ್ತುವುದಿಲ್ಲ. ರೊಟ್ಟಿಯನ್ನು ನಾಲ್ಕು ತುಂಡು ಮಾಡು ಎಂದರೆ ಮಾಡಿಯೇನು, ಅದನ್ನು ಒಂದರ ಕೆಳಗೊಂದು ಗೆರೆ ಎಳೆದು ಬರೆಯುವುದು ಯಾವ ಪುರುಷಾರ್ಥಕ್ಕೋ ತಿಳಿಯದು. ಪಕ್ಕಕ್ಕೆ ಇಣುಕಿದರೆ ಕೃಪಾ ಮೊಳಕೈ ಅಡ್ಡ ಹಿಡಿದು, "ನಾನಮ್ಮಾ, ಕಾಪಿ ಹೊಡಿಬಾರದು" ಎನ್ನುತ್ತಾಳೆ. ಅಜ್ಜಿ ಎನ್ನದೆ, ತೆಲುಗಿನವರಂತೆ ನನ್ನನ್ನು ಅವಳು ನಾನಮ್ಮ ಎಂದೇ ಕರೆಯುವುದು. ಪೆನ್ಸಿಲ್ ಮಾತ್ರ ಕೇಳಿದಾಗಲೆಲ್ಲ ಕೊಡುತ್ತಾಳೆ. ಕೇಳಲಿ ಎಂದೇ ಕಾಯುತ್ತಾಳೆ, ಹಾಗಾಗಿ ನನ್ನದನ್ನು ನಾನು ಆಗಾಗ ಕಳೆದುಕೊಳ್ಳುತ್ತೇನೆ.

ನಿನ್ನೆ ಭೂಗೋಳದ ಪಾಠ. ಶೀಲಾ ನಮಗೆ ಬೆನ್ನು ಮಾಡಿ ಗೋಡೆಯ ಹಲಗೆಯ ಮೇಲೆ ಖಂಡಗಳ ಹೆಸರು ಬರೆಯುತ್ತಿದ್ದಳು. ನಾನು ಗೋಲವನ್ನು ತಿರುಗಿಸಿ ತಿರುಗಿಸಿ ನೋಡಿದೆ, ನಮ್ಮೂರು ಸಿಗಲಿಲ್ಲ. ಕೃಪಾಳ ಕಿವಿಯಲ್ಲಿ, "ಇದನ್ನ ಮಾಡಿದಾಂವ ಗದಗ ಸ್ಟೇಷನ್ ಬರೂ ಹೊತ್ತಿಗೆ ಮಲಗಿದ್ದ ಕಾಣ್ತದ" ಎಂದೆ. ಹುಡುಗಿ ಮೂಗಿನಿಂದ ಫಕ್ಕನೆ ನಕ್ಕಳು, ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ.

"ಯಾರದು ಮಾತಾಡಿದ್ದು?" ಎಂದಳು ಶೀಲಾ, ತಿರುಗದೆಯೇ.

ತರಗತಿಯಲ್ಲಿ ಇರುವವರು ಇಬ್ಬರು. ನಾನು ತಲೆ ತಗ್ಗಿಸಿ ಪುಸ್ತಕದೊಳಗೆ ಮುಖ ಹುದುಗಿಸಿದೆ.

ಕೃಪಾ ಎದ್ದು ನಿಂತಳು. "ಗೊತ್ತಿಲ್ಲ ಮಿಸ್" ಎಂದಳು.