ಖಾನಾವಳಿಗೆ ಅಕ್ಕ ಹೇಳಿದ ಬಣ್ಣ

ಬ್ರ್ಯಾಂಡ್ ಎಂದರೆ ಮನುಷ್ಯರ ಸ್ವಭಾವ, ಬಣ್ಣ, ಅಕ್ಷರ ಎಲ್ಲ ಅದರಿಂದಲೇ ಹುಟ್ಟಬೇಕು ಎಂದು ರಾಯಚೂರಿನಲ್ಲಿ ನನ್ನ ಹತ್ತಿರ ಬೋರ್ಡು ಮಾಡಿಸಲು ಬರುವ ಗಿರಾಕಿಗಳಿಗೆ ದಿನಾ ಹೇಳುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು, ಒಪ್ಪುತ್ತಾರೆ. ನನಗೇ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಹೋದ ವರ್ಷ ಅಕ್ಕ ದೇವದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ರೊಟ್ಟಿ ಖಾನಾವಳಿ ತೆರೆಯುತ್ತೇನೆ, ಬೋರ್ಡು ನೀನೇ ಮಾಡು ಎಂದಾಗ ಇದ್ದಷ್ಟು ನಂಬಿಕೆಯೂ ಹೋಯಿತು.

ನಾವು ಮಾನ್ವಿ ಕಡೆಯ ದಲಿತರು. ನಮ್ಮ ಕಡೆ ಖಾನಾವಳಿಯ ಬೋರ್ಡಿನ ಮೇಲೆ ಮಾಲೀಕರ ಜಾತಿ ಇರುವುದು ಹೊಸದಲ್ಲ. ಇಲ್ಲದಿದ್ದರೆ ಉಣ್ಣುವವರೇ ಕೇಳಿ ತಿಳಿದುಕೊಳ್ಳುತ್ತಾರೆ. ಅಕ್ಕ ಹಾಸ್ಟೆಲ್ಲಿನ ಅಡುಗೆ ಕೆಲಸ ಬಿಟ್ಟು ಇದಕ್ಕೆ ಕೈ ಹಾಕಿದ್ದಳು. ಜನ ಒಳಗೇ ಬರದಿದ್ದರೆ?

ಗಿರಾಕಿಗಳಿಗೆ ಕೇಳುವ ಪ್ರಶ್ನೆಗಳನ್ನೇ ಅವಳಿಗೂ ಕೇಳಿದೆ. ಯಾವ ಬಣ್ಣ? "ನೀಲಿ." ನಮ್ಮ ಓಣಿಯ ಬಾವುಟದ ಬಣ್ಣ, ತಾಲ್ಲೂಕಿಗೆಲ್ಲ ಗೊತ್ತು. ಜನ ನಿನ್ನನ್ನು ಹೇಗೆ ನೆನಪಿಡಬೇಕು? "ಮುಚ್ಚಿಟ್ಟು ಮಾತಾಡಾಕಿ ಅಲ್ಲ ಅಂತ." ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡೆ. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಅರಿಶಿನ ಬಣ್ಣದ ಬೋರ್ಡು ಮಾಡಿದೆ. ಅದರ ಮೇಲೆ ರೊಟ್ಟಿ ಬಡಿಯುವ ಮುದುಕಿ: ಇಳಕಲ್ ಸೀರೆ, ಮೂಗುತಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಆ ಗೆರೆ ನೋಡಿದವರು ಜಾತಿ ಕೇಳುವುದಿಲ್ಲ. ಕೈ ತಾನಾಗಿ ಎಳೆಯಿತು ಎಂದರೆ ಸುಳ್ಳು. ಯೋಚಿಸಿಯೇ ಎಳೆದೆ.

ಅಕ್ಕ ಫೋನಿನಲ್ಲಿ ಚಿತ್ರ ಹಿಗ್ಗಿಸಿ ನೋಡಿದಳು. "ಇಕಿ ಯಾರಬೇ?"

"ಯಾರೂ ಅಲ್ಲಕ್ಕಾ. ಚಿತ್ರ."

"ನಮ್ಮ ಮನ್ಯಾಗ ಯಾವ ಮುದುಕಿ ವಿಭೂತಿ ಹಚ್ಚಾಳ? ರೊಟ್ಟಿ ಬಡಿಯಾಕಿ ನಾನು, ಬೋರ್ಡಿನ ಮ್ಯಾಲ ಇಕಿ! ಯಾರಿಗೆ ಹೆದರಾಕತ್ತೀ ನೀ?"

ನಾನು ವಾದಕ್ಕಿಳಿದೆ. ಒಂದು, ಬಾಗಿಲು ದಾಟುವ ಧೈರ್ಯವನ್ನು ಬೋರ್ಡು ಕೊಡಬೇಕು. ಎರಡು, ರುಚಿ ಹತ್ತಿದ ಮೇಲೆ ಯಾರೂ ಜಾತಿ ಕೇಳುವುದಿಲ್ಲ. ಮೂರು...

"ಸಾಕು ಬಿಡು, ಕಪ್ ನಿನಗ," ಎಂದಳು. "ರುಚಿ ಹತ್ತಿದ ಮ್ಯಾಲ ಗೊತ್ತಾದ್ರ ಏನಂತಾರ? ಮೋಸ ಮಾಡಿ ಉಣಿಸಿದ್ಲು ಅಂತಾರ. ಆಗ ನೀ ಬರ್ತೀಯೇನು ಡಿಬೇಟ್ ಮಾಡಾಕ?"

ಅಂಥ ದಿನ ಬಂದರೆ ಒಳಗೆ ಒಬ್ಬಳೇ ನಿಂತಿರುವವಳು ಅಕ್ಕ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ ನೀಲಿಯ ಮೇಲೆ ಬಿಳಿ ಅಕ್ಷರ. ಅಕ್ಷರವೂ ಅಕ್ಕನದೇ: ಹಾಸ್ಟೆಲ್ಲಿನ ಕರಿಹಲಗೆಯಲ್ಲಿ ಊಟದ ಪಟ್ಟಿ ಬರೆದು ಬರೆದು ರೂಢಿಯಾದ, ಬಲಕ್ಕೆ ಏರುತ್ತ ಹೋಗುವ ದಪ್ಪ ಬರಹ. ಚಿತ್ರ ಇಲ್ಲ. ನಾನು ಮಾಡಿದ ಬೋರ್ಡುಗಳಲ್ಲೆಲ್ಲ ಇದೇ ಚೆಂದ ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು. ಜನ ಬರುತ್ತಾರೆಂಬ ನಂಬಿಕೆ ಮಾತ್ರ ಬರಲಿಲ್ಲ.

ಮೊದಲ ದಿನ ಮಧ್ಯಾಹ್ನ, ಬಗಲಲ್ಲಿ ಫೈಲು ಹಿಡಿದ ಹಿರಿಯರೊಬ್ಬರು ನಿಂತು ಬೋರ್ಡು ಓದಿದರು. "ಯಾರ ಪೈಕಿ ಯವ್ವಾ ನೀವು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ನಮ್ಮ ಜಾತಿಯ ಹೆಸರು ಹೇಳಿದಳು, ಊರಿನ ಹೆಸರು ಹೇಳಿದಷ್ಟೇ ಸಲೀಸಾಗಿ. "ಕುಂದರ್ರಿ, ರೊಟ್ಟಿ ಬಿಸಿ ಅದಾವ."

ಅವರು ಬಸ್ಸುಗಳ ಕಡೆ ನೋಡಿದರು. ಆಮೇಲೆ ಬಾಗಿಲ ಪಕ್ಕದ ಬೆಂಚಿನಲ್ಲಿ, ರಸ್ತೆಗೆ ಬೆನ್ನು ಮಾಡಿ ಕೂತರು. ಎರಡು ರೊಟ್ಟಿ, ಬದ್ನಿಕಾಯಿ ಪಲ್ಯ ಉಂಡರು. ನಮ್ಮ ನೀರಿನ ಗ್ಲಾಸು ಹಾಗೇ ಇತ್ತು. ತಮ್ಮ ಬಾಟಲಿಯಿಂದ ಕುಡಿದು ಎದ್ದು ಹೋದರು.

"ನೋಡಿದೇನಕ್ಕಾ, ನೀರು ಮುಟ್ಲಿಲ್ಲ," ಎಂದೆ.

"ನೋಡೀನಿ. ರೊಟ್ಟಿ ಉಂಡಿದ್ದು ನೀ ನೋಡ್ಲಿಲ್ಲೇನು?" ಎಂದು ಅಕ್ಕ ತಟ್ಟೆ ಎತ್ತಿದಳು.