ಮಗ್ಗದ ಕುಳಿಯ ತಂಪು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಎರಡನೆಯ ಮಗ್ಗ ಖಾಲಿ ಬಿದ್ದಿತ್ತು, ನಾನೇ ಹೋಗಿ ಕುಳಿತೆ. ಅಂದಿನಿಂದ ಈ ಕೈ ಸುಮ್ಮನೆ ಕೂತಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಕೊಯಮತ್ತೂರಿನ ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರ ಕಲಿಸಿದವಳು ಅವ್ವ, ನೂಲಿಗೆ ಹಾಕುವ ಗಂಜಿಯಲ್ಲಿ ಬೆರಳದ್ದಿ ನೆಲದ ಮೇಲೆ ಬರೆದು. ಆದ್ದರಿಂದ ಇಲ್ಲಿ ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ನೀವೇ ಎತ್ತಿ ಕೂರಿಸಿಕೊಳ್ಳಿ.

ಮೊನ್ನೆ ಪೋತ್ತನೂರಿನಿಂದ ಬಂದ ಕೊಳಾಯಿ ರಿಪೇರಿಯವನು ನಮ್ಮ ಹಿತ್ತಿಲ ಗೋಡೆಯಿಂದ ಒಂದು ಮೊಳ ಪೈಪು ಕಿತ್ತು ನನ್ನ ಮುಖದ ಮುಂದೆ ಹಿಡಿದ. "ಅಯ್ಯಾ, ಇದು ಪೈಪಾ, ಜರಡಿಯಾ?" ಎಂದ. ಈ ಮನೆ ನಾನು ಕಟ್ಟಿಸಿದ್ದು, ನನ್ನ ಲೆಕ್ಕದಲ್ಲಿ ಇನ್ನೂ ಹೊಸದು. ಸ್ವಲ್ಪ ಮುಖ ಊದಿಸಿಕೊಂಡೇ "ಆ ತುಂಡು ಮಾತ್ರ ಬದಲಾಯಿಸು, ಸಾಕು" ಎಂದೆ. ಆದರೆ ಆ ಪೈಪಿನಿಂದ ಒಂದು ವಾಸನೆ ಬಂತು ನೋಡಿ, ತುಕ್ಕು, ಒದ್ದೆ ಮಣ್ಣು, ಹಳೇ ಕತ್ತಲೆ ಎಲ್ಲ ಕಲಸಿದ ವಾಸನೆ. ನನಗೆ ನಗು ತಡೆಯಲಾಗಲಿಲ್ಲ. ಮೂವತ್ತೇಳರ ಬೇಸಿಗೆ ನೆನಪಾಯಿತು.

ಆಗ ನಾವಿದ್ದದ್ದು ಅಪ್ಪ ಒಬ್ಬ ಎಣ್ಣೆ ವ್ಯಾಪಾರಿಯಿಂದ ಕೊಂಡಿದ್ದ ಮಣ್ಣುಗೋಡೆಯ ಮನೆಯಲ್ಲಿ. ವ್ಯಾಪಾರಿ ಶೋಕಿಯವನು, ಬಾವಿಕಟ್ಟೆಯ ತೊಟ್ಟಿಯಿಂದ ಬಚ್ಚಲಿಗೆ, ನಡುಮನೆಯ ನೆಲದಡಿಯಲ್ಲೇ, ಕಬ್ಬಿಣದ ಪೈಪು ಹಾಕಿಸಿದ್ದನಂತೆ. ಬೆಟ್ಟದ ನೀರು ಊರಿಗೆ ಬಂದು ಬೀದಿಯಲ್ಲಿ ಹೊಸ ಕೊಳವೆ ಹೂತಾಗ ಅಪ್ಪ ಅದನ್ನು ತಂದು ಈ ಮುದಿ ಪೈಪಿಗೇ ಗಂಟು ಹಾಕಿಸಿದ.

"ತೊಟ್ಟಿ ನೀರು ಮೆತ್ತಗೆ ನಡಕೊಂಡು ಬರ್ತಿತ್ತು. ಬೆಟ್ಟದ ನೀರು ಓಡಿ ಬರುತ್ತೆ. ಇದು ತಾಂಗುತ್ತಾ, ತಡಕೊಳ್ಳುತ್ತಾ?" ಎಂದಳು ಅವ್ವ.

"ಇರುಂಬು ಕಣೇ ಇದು, ಕಬ್ಬಿಣ! ಹಸಿವಾಗಿ ಸೊರಗುತ್ತಾ?" ಎಂದ ಅಪ್ಪ.

ಸೊರಗಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮದು ಕುಳಿಮಗ್ಗ, ಅದೇ ನಡುಮನೆಯಲ್ಲಿ. ನೇಯುವವನ ಕಾಲು ನೆಲದ ಕುಳಿಯೊಳಗೆ, ಮಿಕ್ಕ ಮೈ ಮೇಲೆ. ಹತ್ತಿಯ ನೂಲು ಬೇಸಿಗೆಯ ಒಣಗಾಳಿಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ, ಮುಟ್ಟಿದರೆ ಮುರಿಯುತ್ತದೆ. ಕುಳಿಯಲ್ಲಿ ಒದ್ದೆ ಗೋಣಿ ಹಾಸಿ ಅದನ್ನು ಸಮಾಧಾನ ಮಾಡುವುದು ರೂಢಿ. ಆ ವರ್ಷ ಗೋಣಿಯೇ ಬೇಕಾಗಲಿಲ್ಲ. ಅಪ್ಪ ಕೂತರೆ ಲಾಳಿ ಓಡುತ್ತಲೇ ಇರುತ್ತಿತ್ತು, ಒಂದು ಎಳೆ ಕಡಿಯುತ್ತಿರಲಿಲ್ಲ. ಮಗ್ಗದ ಮೇಲಿದ್ದದ್ದು ಅಕ್ಕನ ಧಾರೆ ಸೀರೆ. ನಮ್ಮ ಮನೆಯಲ್ಲಿ ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು. ಮಗ್ಗಕ್ಕೇರಿದ ಹಾಸನ್ನು, ನಾವು ಪಾವು ಎನ್ನುವ ಆ ಉದ್ದದ ಎಳೆಗಳನ್ನು, ಸೀರೆ ಮುಗಿಯುವ ತನಕ ಕತ್ತರಿಸಬಾರದು.

"ಚೌಡಮ್ಮ ತಾಯಿ ಕಾಲಿಗೆ ತಂಪು ಕೊಡ್ತಾವಳೆ" ಎಂದು ಅಪ್ಪ ಬೀದಿಗೆಲ್ಲ ಸಾರಿದ. ಬಚ್ಚಲ ಕೊಳಾಯಿ ಮಾತ್ರ ದಿನೇ ದಿನೇ ಸಣ್ಣಗಾಯಿತು. ಅವ್ವ ಚೆಂಬು ಹಿಡಿದು ಅದರ ಮುಂದೆ ತಪಸ್ಸು ಕೂತಳು. ಒಂದು ದಿನ ಕುಳಿಯಿಂದ ಕಪ್ಪೆ ಎಗರಿತು.

"ತಾಯಿ ಕಳಿಸಿದ್ದು" ಎಂದ ಅಪ್ಪ.

"ತಾಯಿಗೆ ಕಳಿಸಾಕೆ ಬೇರೆ ಯಾರೂ ಸಿಗಲಿಲ್ಲವಾ?" ಎಂದಳು ಅವ್ವ.

ಮದುವೆಗೆ ಒಂದು ವಾರವಿತ್ತು. ಸೀರೆ ಅರ್ಧ ಆಗಿತ್ತು. ಬೆಳಿಗ್ಗೆ ನೀರು ಬಿಟ್ಟ ಹೊತ್ತಿನಲ್ಲಿ ನೋಡುತ್ತೇನೆ, ಮಗ್ಗದ ಪಕ್ಕದ ಗೋಡೆ ಬುಡದಲ್ಲಿ ಊದಿಕೊಂಡಿದೆ. ಕೈಯಿಟ್ಟರೆ ಕಲಸಿದ ಹಿಟ್ಟಿನೊಳಗೆ ಹೋದಂತೆ ಬೆರಳು ಒಳಗೆ ಹೋಯಿತು. ಮೇಲೆ ಎಲ್ಲೋ ಚಟ್ ಎಂದಿತು. ನಾನು ಬೀದಿಗೆ ಕೂಗಿದೆ.

ನಮ್ಮ ಬೀದಿಯ ಗುಣವೇ ಬೇರೆ. ಗಂಜಿ ಹಾಕಲು ಪಾವನ್ನು ಬೀದಿಯುದ್ದ ಎಳೆದು ಹಿಡಿಯುವುದು ಅಲ್ಲಿ ಎಲ್ಲರಿಗೂ ದಿನದ ಕೆಲಸ. ಎದುರು ಮನೆಯ ನಂಜಪ್ಪಣ್ಣ ಮೊದಲು ಓಡಿಬಂದ. ಅವನ ಮಗ್ಗ ಖಾಲಿಯಿತ್ತು, ಪಾವನ್ನು ಕತ್ತರಿಸದೆ ಹಾಗೆಯೇ ಅಲ್ಲಿಗೆ ಸಾಗಿಸುವುದೆಂದಾಯಿತು. ನಾನು ಹಿಂದಿನ ಕಟ್ಟು ಬಿಚ್ಚಿದೆ, ಅಕ್ಕ ನೇಯ್ದ ಭಾಗವನ್ನು ಎದೆಗೆ ಅವುಚಿಕೊಂಡಳು, ಎಳೆ ಸಡಿಲವಾಗದಂತೆ ಹತ್ತಾರು ಕೈಗಳು ಪಾವನ್ನು ಹಿಡಿದು ನಿಂತವು. ಅಪ್ಪ ಮಾತ್ರ ಕುಳಿ ಬಿಟ್ಟು ಏಳಲಿಲ್ಲ.

"ಈ ತಂಪು ಬಿಟ್ಟು ಎಲ್ಲಿ ಹೋಗಲಿ? ಅಲ್ಲಿ ನೂಲು ಕಡಿಯುತ್ತೆ."

"ಕಡಿಯಲಿ ಬಿಡಪ್ಪಾ" ಎಂದಳು ಅಕ್ಕ. "ನೀನು ಇಲ್ಲಿ ಸಿಕ್ಕಿಕೊಂಡರೆ ಈ ಸೀರೆ ನಾನು ಉಡೋಲ್ಲ. ಮದುವೆನೂ ಬೇಡ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ಎದ್ದ.

ಬೀದಿ ದಾಟುವಾಗ ನಂಜಪ್ಪಣ್ಣ, "ಏನ್ ಮಾವಾ, ಪೊಣ್ಣಿಗಿಂತ, ಮದುವೆ ಹೆಣ್ಣಿಗಿಂತ ಮುಂಚೆ ಸೀರೆಗೆ ಮೆರವಣಿಗೆ!" ಎಂದ. ಅಷ್ಟರಲ್ಲಿ ಹಿಂದೆ ಧಡ್ ಎಂದು ಗೋಡೆ ಬಿತ್ತು, ಅಪ್ಪ ಕೂತಿದ್ದ ಕುಳಿಯ ಮೇಲೆಯೇ. ಪಾವು ಹಿಡಿದ ಕೈಗಳು ಬಿಡಲಿಲ್ಲ. ಬಿರುಕುಬಿಟ್ಟ ನೆಲದಿಂದ ನೀರು ಚಿಲುಮೆಯಾಗಿ ಆಳೆತ್ತರ ಚಿಮ್ಮಿತು.

"ಅಡಿ ಅಮ್ಮಾ! ಇಷ್ಟು ನೀರು ಈ ಮನೆಲಿತ್ತಾ!" ಎಂದು ಅವ್ವ ಕೊಡ ತರಲು ಓಡಿದಳು. ಮೊದಲು ನಕ್ಕವನು ಅಪ್ಪ. ಆಮೇಲೆ ಬೀದಿಯೇ ನಕ್ಕಿತು, ಬೀದಿಯೇ ಕೊಡ ತಂದಿತು, ಬೀದಿಯ ಮಕ್ಕಳೆಲ್ಲ ಸ್ನಾನ ಮಾಡಿದವು.

ನಂಜಪ್ಪಣ್ಣನ ಮನೆಯ ಒಣ ಕುಳಿಯಲ್ಲಿ ಅಪ್ಪ ಹೇಳಿದಂತೆಯೇ ಆಯಿತು. ಗೇಣಿಗೊಂದು ಎಳೆ ಕಡಿಯಿತು. ಅಪ್ಪ ಬೈದುಕೊಂಡು ಗಂಟು ಹಾಕಿದ. ನಾವು ಸರದಿಯಲ್ಲಿ ನೀರು ಚಿಮುಕಿಸಿದೆವು. ಧಾರೆಯ ದಿನ ಅಕ್ಕ ಸೆರಗಿನ ಮೇಲೆ ಹೆಬ್ಬೆರಳಾಡಿಸಿ, ಗಂಟು ಸಿಕ್ಕಿದಾಗಲೆಲ್ಲ ತಲೆ ತಗ್ಗಿಸಿ ನಗುತ್ತಿದ್ದಳು. ಕಿಣತ್ತುಕಡವಿನಿಂದ ಬಂದ ಬೀಗಿತ್ತಿ, "ಏನಿದು, ಸೀರೆಲಿ ಇಷ್ಟು ಗಂಟು?" ಎಂದು ಮೂಗು ಮುರಿದಳು. ಅಪ್ಪ ಎದೆ ಸೆಟೆಸಿ ನಿಂತ. "ಎಳೆದು ನೋಡಮ್ಮಾ. ಒಂದಾದರೂ ಬಿಚ್ಚಿದರೆ ಕೇಳು" ಎಂದ.

ಒಬ್ಬನೇ ನಗುತ್ತಿದ್ದ ನನ್ನನ್ನು ರಿಪೇರಿಯವನು ಸ್ವಲ್ಪ ಭಯದಿಂದಲೇ ನೋಡುತ್ತಿದ್ದ.

"ತುಂಡು ಬೇಡಪ್ಪಾ" ಎಂದೆ. "ಬೀದಿಯಿಂದ ಹಿತ್ತಿಲವರೆಗೆ ಎಲ್ಲ ಕಿತ್ತು ಹೊಸದು ಹಾಕು. ನೆಲದಡಿ ಬೇಡ, ಗೋಡೆಯ ಮೇಲೆ, ಕಣ್ಣಿಗೆ ಕಾಣೋ ಹಾಗೆ."

"ಚೆನ್ನಾಗಿ ಕಾಣಲ್ಲ, ಅಯ್ಯಾ."

"ಸೋರಿದರೆ ಕಾಣುತ್ತೆ, ಹಾಕು."

ನಿನ್ನೆ ಕೆಲಸ ಮುಗಿಯಿತು. ಈಗ ನನಗಿರುವುದು ಒಂದು ಮನೆ, ಎಂಟು ಮಗ್ಗ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಕಿಣತ್ತುಕಡವಿನಲ್ಲಿ ಒಬ್ಬಳು ಅಕ್ಕ, ನಾಲ್ಕು ಕೊಳಾಯಿ, ನಾಲ್ಕರಲ್ಲೂ ನೀರು.