ಕಣ್ಣು ಮುಚ್ಚಿದರೆ ಕಾಣುವ ಮಗಳು

ಸ್ನಾನಕ್ಕೆ ಹೋದ ಸವಿತಾ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕರೆದೆ. ನೀರು ಬೀಳುವ ಸದ್ದಷ್ಟೇ ಕೇಳಿಸಿತು. ಪಟ್ಟಂದೂರು ಅಗ್ರಹಾರದ ನಮ್ಮ ಬಾಡಿಗೆ ಮನೆಯ ಪುಟ್ಟ ಬಾತ್‌ರೂಮಿನ ಬಾಗಿಲನ್ನು ನಾನೂ ಪಕ್ಕದ ಮನೆಯವರೂ ಸೇರಿ ಒಡೆದಾಗ ನನ್ನ ಹೆಂಡತಿ ನೆಲದ ಮೇಲೆ ಬಿದ್ದಿದ್ದಳು. ಗ್ಯಾಸ್ ಗೀಸರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಎಂದರು ಎಮರ್ಜೆನ್ಸಿಯಲ್ಲಿ. ವಾಸನೆಯೇ ಇಲ್ಲದ ವಿಷ.

ಬದುಕಿದಳು. ಐಸಿಯುವಿನಿಂದ ವಾರ್ಡಿಗೆ ಬಂದ ದಿನ ಅವಳ ಮುಂದೆ ಬಾಚಣಿಗೆ ಹಿಡಿದೆ.

"ಏನೋ ಕಪ್ಪಗಿದೆ ರೀ. ಏನು ಅಂತ ಗೊತ್ತಾಗ್ತಿಲ್ಲ."

ಕೈಗಿಟ್ಟ ಕೂಡಲೇ, "ಅಯ್ಯೋ, ಬಾಚಣಿಗೆ!" ಎಂದಳು.

ಕಣ್ಣಿನಲ್ಲಿ ದೋಷವಿಲ್ಲ ಎಂದರು ನ್ಯೂರಾಲಜಿ ಡಾಕ್ಟರು. ಕಂಡದ್ದು ಮಿದುಳಿನಲ್ಲಿ ಎರಡು ದಾರಿಯಾಗಿ ಸಾಗುತ್ತದಂತೆ. ಒಂದು, ಇದು ಯಾವ ವಸ್ತು ಎಂದು ಗುರುತಿಸುತ್ತದೆ. ಇನ್ನೊಂದು, ಅದನ್ನು ಹೇಗೆ ಹಿಡಿಯಬೇಕೆಂದು ಕೈಗೆ ತಿಳಿಸುತ್ತದೆ. ಆಕ್ಸಿಜನ್ ಸಿಗದೆ ಹಾಳಾದದ್ದು ಮೊದಲನೆಯದು. ಎದುರಿಗಿರುವುದು ಲೋಟವೆಂದು ಹೇಳಲಾರದವಳ ಕೈ, ಆ ಲೋಟಕ್ಕೆ ತಕ್ಕಷ್ಟೇ ಅಗಲವಾಗಿ ತೆರೆದುಕೊಂಡು, ತಪ್ಪದೆ ಅದನ್ನು ಹಿಡಿಯುತ್ತಿದ್ದುದು ಅದಕ್ಕೇ.

"ಸರಿಹೋಗುತ್ತಾ ಸಾರ್?"

"ಬಣ್ಣ, ಧ್ವನಿ, ಸ್ಪರ್ಶ... ಇವುಗಳಿಂದ ಗುರುತು ಹಿಡಿಯೋದನ್ನ ಕಲೀತಾರೆ."

ನಾನು ಕೇಳಿದ್ದು ಅದಲ್ಲವೆಂದು ಅವರಿಗೂ ಗೊತ್ತಿತ್ತು.

ಮನೆಗೆ ಕರೆತಂದೆ. ಒಂದನೇ ಕ್ಲಾಸಿನ ಮಗಳು ಚಿನ್ಮಯಿ ಓಡಿ ಬಂದವಳು ಅಮ್ಮನ ಮುಂದೆ ಸದ್ದಿಲ್ಲದೆ, ಮುಖವೆಲ್ಲ ನಗುವಾಗಿ ನಿಂತಳು. ಸವಿತಾ ಅವಳನ್ನೇ ನೋಡಿದಳು.

"ಯಾರು?"

ಮಗಳು ಹಿಂದೆ ಸರಿದು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. "ಯಾಕವ್ವಾ ಇಂಗಂತೀಯ? ನಿನ್ ಮಗಳು ಕಣೇ!" ಎಂದು ನಮ್ಮತ್ತೆ ಗೋಳಾಡಿದರು. ಮಗುವಿನ ಬಿಕ್ಕು ಕೇಳಿದ ಮೇಲೆಯೇ ಸವಿತಾಗೆ ತಿಳಿದದ್ದು. ಅವಳು ಆಗ ಅತ್ತ ಅಳುವನ್ನು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಕೆಲವು ದಿನ ಮಗಳು ಹತ್ತಿರ ಹೋಗಲೇ ಇಲ್ಲ. ಒಂದು ಸಂಜೆ ದೂರದಿಂದಲೇ ಕೇಳಿದಳು.

"ಅಮ್ಮಾ, ನನ್ ಮುಖ ಮರ್ತೋಯ್ತಾ?"

"ಇಲ್ಲ ಕಣೇ. ಕಣ್ಣು ಮುಚ್ಕೊಂಡ್ರೆ ಚೆನ್ನಾಗಿ ಕಾಣ್ತೀಯ. ಬಿಟ್ರೇನೇ ಕಾಣಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಅವಳೊಳಗೆ ಉಳಿದಿರುವುದು ಆ ದಿನದವರೆಗಿನ ಮುಖ. ಮಗು ಬೆಳೆಯುತ್ತಲೇ ಇರುತ್ತದೆ, ಅಮ್ಮನ ಕಣ್ಣೆದುರೇ, ಅಮ್ಮನಿಗೆ ಕಾಣದಂತೆ. ಈ ಸಂಕಟಕ್ಕೆ ಔಷಧಿಯಿಲ್ಲ.

ಈಗ ಚಿನ್ಮಯಿ ಸ್ಕೂಲಿನಿಂದ ಬಂದ ಕೂಡಲೇ "ಅಮ್ಮಾ, ನಾನು" ಎನ್ನುತ್ತಾಳೆ. ಹೋದ ವಾರ ಅವಳ ಮುಂದಿನ ಹಲ್ಲು ಬಿತ್ತು. ಅಮ್ಮನ ಬೆರಳನ್ನು ತಾನೇ ಎಳೆದು ವಸಡಿನ ಮೇಲಿಟ್ಟುಕೊಂಡಳು. ಸವಿತಾ ಕಣ್ಣು ಮುಚ್ಚಿದಳು. ಬೆರಳು ಆ ಸಂದಿನಲ್ಲಿ ನಿಧಾನವಾಗಿ ಆಡಿ, ತುಟಿಯಂಚಿಗೆ ಬಂತು.

"ಹಾಂ, ಕಾಣ್ತು. ಬೊಚ್ಚುಬಾಯಿ ಬಿಟ್ಕೊಂಡು ನಗ್ತಿದೀಯ."

ಮಗಳು ನಿಜಕ್ಕೂ ನಗುತ್ತಿದ್ದಳು.